ಪೈಲಟ್ಟರ ಲಾಗ್‌ಬುಕ್ಕು ಗಣಿಗೆ ಬಂದದ್ದು

ಕದಿರಪ್ಪನಿಗೆ ಸಿಟ್ಟು ಬರುತ್ತಿದ್ದದ್ದು ಅಪರೂಪ. ತೊಂಬತ್ತೆರಡನೇ ಇಸವಿಯಲ್ಲಿ ಮಾತ್ರ ಆ ಮನುಷ್ಯ ಸಿಟ್ಟಿನಲ್ಲೇ ಏಳುತ್ತಿದ್ದ, ಸಿಟ್ಟಿನಲ್ಲೇ ಹಸುವಿನ ಹಾಲು ಕರೆಯುತ್ತಿದ್ದ, ಸಿಟ್ಟಿನಲ್ಲೇ ಬಂಗಾರಪೇಟೆಗೆ ಸೈಕಲ್ ತುಳಿದು ಚಿನ್ನದ ಗಣಿಯ ಚಾಂಪಿಯನ್ ಸ್ಟೇಷನ್ನಿಗೆ ಹೋಗುವ ರೈಲು ಹತ್ತುತ್ತಿದ್ದ. ಅವನ ನೆಮ್ಮದಿ ಕೆಡಿಸಿದ್ದು ಹೆಂಡತಿಯಲ್ಲ, ದಾಯಾದಿಯಲ್ಲ. ಒಂದು ಕಂಪ್ಯೂಟರು. ಅದೂ ಇನ್ನೂ ಬಂದೇ ಇರದ ಕಂಪ್ಯೂಟರು!

ಕದಿರಪ್ಪ ಪಾರ್ಕಿನ್ಸ್ ಶಾಫ್ಟಿನ ವೈಂಡಿಂಗ್ ಡ್ರೈವರು. ಅಂದರೆ ಗಣಿಯ ಬಾವಿಯೊಳಕ್ಕೆ ಆಳುಗಳನ್ನು ಇಳಿಸುವ, ಮೇಲೆತ್ತುವ ಕೇಜಿನ ಇಂಜಿನ್ನು ನಡೆಸುವವನು. ಕೇಜು ಅಂದರೆ ಕಬ್ಬಿಣದ ಪಂಜರ. ಅದಕ್ಕೊಂದು ಉಕ್ಕಿನ ಹಗ್ಗ. ಆ ಹಗ್ಗ ಬಾವಿಯ ಬಾಯಿಂದ ದೂರದ ಇಂಜಿನ್ ರೂಮಿಗೆ ಬಂದು, ಮನೆಯಷ್ಟು ಎತ್ತರದ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಡ್ರೈವರಿಗೆ ಕೇಜೂ ಕಾಣುವುದಿಲ್ಲ, ಅದರಲ್ಲಿರುವ ಜನರೂ ಕಾಣುವುದಿಲ್ಲ. ಎದುರಿಗೆ ಒಂದು ದೊಡ್ಡ ಡಯಲು, ಅದರ ಮುಳ್ಳು ಕೇಜು ಎಲ್ಲಿದೆಯೆಂದು ತೋರಿಸುತ್ತದೆ. ಮಿಕ್ಕದ್ದೆಲ್ಲ ಗಂಟೆ. ಮೂರು ಹೊಡೆದರೆ ಒಳಗೆ ಆಳುಗಳಿದ್ದಾರೆ. ಎರಡು ಹೊಡೆದರೆ ಇಳಿಸು. ಕೇಜು ಓಡುತ್ತಿರುವಾಗ ಒಂದೇ ಒಂದು ಹೊಡೆದರೆ ನಿಲ್ಲಿಸು, ಏನೋ ಎಡವಟ್ಟಾಗಿದೆ. ಇಷ್ಟರ ಮೇಲೆ ಜನರ ಪ್ರಾಣ ನಿಂತಿರುತ್ತದೆ.

ಎಪ್ಪತ್ತರ ಸುಮಾರಿನಲ್ಲಿ ಇಂಜಿನ್ ರೂಮಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ ಕದಿರಪ್ಪ, ಹಳೆಯ ಡ್ರೈವರುಗಳ ಬೈಗುಳ ತಿಂದುಕೊಂಡೇ ಲೀವರು ಹಿಡಿಯುವುದನ್ನು ಕಲಿತ. ಕಲಿತ ಮೇಲೆ ಅವನ ಕೈಗೆ ಒಂದು ಹೆಸರು ಬಂತು. ಅವನು ಇಳಿಸಿದರೆ ಕೇಜು ತಳ ಮುಟ್ಟಿದ್ದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ನಂದಿದುರ್ಗದ ಲೈನುಗಳಲ್ಲಿ, ಅಂದರೆ ಗಣಿ ಆಳುಗಳ ಮನೆಸಾಲುಗಳಲ್ಲಿ, ಹೆಂಗಸರು ನಲ್ಲಿಯ ಹತ್ತಿರ, ಇವತ್ತು ಇಂಜಿನ್ ಮೇಲೆ ಯಾರು ಎಂದು ಕೇಳಿ, ಕದಿರಪ್ಪ ಅಂತ ಗೊತ್ತಾದರೆ ಕೊಡ ಎತ್ತಿಕೊಂಡು ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಿದ್ದರು. ಅವನ ಹೆಂಡತಿ ಅಕ್ಕಯ್ಯಮ್ಮನ ತಮ್ಮ ಸೊಣ್ಣಪ್ಪನೂ ಅದೇ ಶಾಫ್ಟಿನಲ್ಲಿ ಒಳಗೆ ಸುರಂಗ ಕುಸಿಯದಂತೆ ಮರ ಕಟ್ಟುವ ಕೆಲಸಕ್ಕಿದ್ದ. ಕದಿರಪ್ಪನಿಗೆ ಆಸ್ತಿ ಅಂತ ಇದ್ದದ್ದು ಈ ನಂಬಿಕೆಯೊಂದೇ. ಅದನ್ನು ಬಿಟ್ಟರೆ ಎರಡು ಹಸು.

ಇಂಥವನ ನೆಮ್ಮದಿಯ ಮೇಲೆ ಹೊಸದಾಗಿ ಬಂದ ಇಂಜಿನಿಯರ್ ಸಾಹೇಬರ ಕಣ್ಣು ಬಿತ್ತು. ಡ್ರೈವರುಗಳು ಒಂದೊಂದು ಟ್ರಿಪ್ಪನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಕದಿರಪ್ಪ ಕನ್ನಡದಲ್ಲಿ ಬರೆಯುತ್ತಿದ್ದ, ಜೊತೆಯ ಡ್ರೈವರ್ ಕುಪ್ಪುಸ್ವಾಮಿ ತಮಿಳಿನಲ್ಲಿ, ಇನ್ನೊಬ್ಬ ತೆಲುಗಿನಲ್ಲಿ. ಅದರ ಮೇಲೆ ಟೀ ಚೆಲ್ಲಿರುತ್ತಿತ್ತು, ಗ್ರೀಸು ಮೆತ್ತಿರುತ್ತಿತ್ತು. ಬೊಂಬಾಯಿಯಲ್ಲಿ ಯಾವುದೋ ಟ್ರೈನಿಂಗ್ ಮುಗಿಸಿ ಬಂದಿದ್ದ ಸಾಹೇಬರು ಆ ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, ಇನ್ನು ಮೇಲೆ ಇದೆಲ್ಲ ಕಂಪ್ಯೂಟರಿನಲ್ಲಿ ಎಂದರು. ಯಾವ ಸಾಫ್ಟ್‌ವೇರು ತರಬೇಕೆಂದು ಆರಿಸಲು ಒಂದು ಕಮಿಟಿ ಮಾಡಿದರು. ಕಮಿಟಿಯಲ್ಲಿ ಡ್ರೈವರುಗಳ ಪರವಾಗಿ ಒಬ್ಬ ಇರಬೇಕಂತೆ. ಕುಪ್ಪುಸ್ವಾಮಿ ಆ ದಿನ ದವಡೆ ಹಿಡಿದುಕೊಂಡು ಹಲ್ಲುನೋವು ಎಂದುಬಿಟ್ಟ. ಹಲ್ಲು ನೋಯದ ಕದಿರಪ್ಪ ಸಿಕ್ಕಿಬಿದ್ದ.

ಕಮಿಟಿ ಎಂದರೇನು ಅಂತ ಕದಿರಪ್ಪನಿಗೆ ಗೊತ್ತಾಗಿದ್ದು ಆಮೇಲೆ. ಪಾಳಿ ಮುಗಿದು ಸಂಗು, ಅಂದರೆ ಗಣಿಯ ಸೈರನ್ನು, ಊದಿ, ಎಲ್ಲರೂ ಮನೆಗೆ ಹೊರಟ ಹೊತ್ತಿಗೆ ಸರಿಯಾಗಿ ಅದು ಸೇರುತ್ತಿತ್ತು. ಸಾಹೇಬರು ತಡವಾಗಿ ಬರುತ್ತಿದ್ದರು. ಬಂದು ಬಿಸ್ಕತ್ತು ತರಿಸುತ್ತಿದ್ದರು. ಬಿಸ್ಕತ್ತು ಬರುವ ಹೊತ್ತಿಗೆ ರೈಲು ಹೋಗಿರುತ್ತಿತ್ತು. ಕದಿರಪ್ಪ ಬಸ್ಸಿಗೆ ನೇತಾಡಿಕೊಂಡು ಊರು ಸೇರುವಷ್ಟರಲ್ಲಿ ಡೈರಿಯವರು ಹಾಲು ಹಾಕಿಸಿಕೊಂಡು ಬಾಗಿಲು ಹಾಕಿರುತ್ತಿದ್ದರು. ಅಕ್ಕಯ್ಯಮ್ಮ ಹಾಲಿನ ಕ್ಯಾನು ತಂದು ಅವನ ಮುಂದೆಯೇ ಕುಕ್ಕುತ್ತಿದ್ದಳು. ಕೆಂಪು ಹಸು ಅವನ ಕೈಗಲ್ಲದೆ ಬೇರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ, ಅದೊಂದು ರಂಪ.

"ಆ ಡಬ್ಬದ ಜೊತೇಲೇ ಸಂಸಾರ ಮಾಡ್ಕಳಿ, ಅಸೂನ ಮಾರಾಕ್ತೀನಿ," ಎಂದಳು ಒಂದು ದಿನ.

"ನನ್ನೂ ಸೇರಿಸಿ ಮಾರಾಕು, ಪುಣ್ಯ ಬತ್ತದೆ," ಎಂದ ಕದಿರಪ್ಪ.

ಮೊದಲು ಬಂದವನು ಆಂಡರ್ಸನ್‌ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಲೀಕ. ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಬೋರ್ಡು ಬದಲಾಯಿಸಿದ್ದ. ಅವನ ಪ್ರೋಗ್ರಾಮಿನಲ್ಲಿ ಪ್ರತಿ ಟ್ರಿಪ್ಪಿಗೂ ಹೊತ್ತು, ಆಳು, ಮಟ್ಟ ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪು ಮಾಡಬೇಕು.

"ಕೇಜು ಓಡ್ತಿರೋವಾಗ ಟೈಪ್ ಮಾಡೋರು ಯಾರು?" ಕದಿರಪ್ಪ ಕೇಳಿದ.

"ನೀವೇ."

"ಬ್ರೇಕು ಇಡ್ಯೋರು?"

ಮಾಲೀಕ ಸಾಹೇಬರ ಮುಖ ನೋಡಿದ. ಸಾಹೇಬರು ಬಿಸ್ಕತ್ತು ನೋಡಿದರು. ಕೊನೆಗೆ ಮಾಲೀಕನೇ, "ಟೈಪಿಂಗು ಬೇಗ ಬರುತ್ತೆ, ನಮ್ಮಲ್ಲೇ ಸೇರಿಸ್ಕೋತೀವಿ" ಎಂದ. ಆ ದಿನವೂ ರೈಲು ತಪ್ಪಿತು.

ಎರಡನೆಯವನದು ಬಣ್ಣದ ಪರದೆ. ಆನ್ ಮಾಡಿದರೆ ಗುಡ್ ಮಾರ್ನಿಂಗ್ ಹೇಳುತ್ತಿತ್ತು, ಸಂಜೆಯಲ್ಲೂ. ಸಾಹೇಬರಿಗೆ ಅದು ತುಂಬ ಹಿಡಿಸಿತು, ನಾಲ್ಕು ಸಲ ಆರಿಸಿ ಹಚ್ಚಿದರು. ಅದರ ತಕರಾರೆಂದರೆ ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಮುಚ್ಚಿಕೊಂಡು ಪಾಸ್‌ವರ್ಡು ಕೇಳುವುದು. ಮಾರುವವನು ಕದಿರಪ್ಪನ ಕೈಗೊಂದು ಚೀಟಿ ಕೊಟ್ಟು, ಹೆಂಡತಿಯ ಹೆಸರು ಬರೆಯಿರಿ, ಅದನ್ನು ಯಾರೂ ಮರೆಯುವುದಿಲ್ಲ ಎಂದು ನಕ್ಕು, ಅದನ್ನೇ ಪಾಸ್‌ವರ್ಡು ಮಾಡಿದ. ಮುಂದಿನ ವಾರದ ಕಮಿಟಿಗೆ ಚೀಟಿಯೂ ಇಲ್ಲ, ಮಾರುವವನಿಗೆ ನೆನಪೂ ಇಲ್ಲ. ಯಂತ್ರ ಮುಚ್ಚಿಕೊಂಡು ಕೂತಿತು. ಎಲ್ಲರೂ ಕದಿರಪ್ಪನ ಕಡೆ ತಿರುಗಿದರು. ನಾಲ್ಕು ಜನ ಗಂಡಸರ ಎದುರಿಗೆ ಹೆಂಡತಿಯ ಹೆಸರು ಕೂಗಿ ಹೇಳುವ ಪದ್ಧತಿ ಅವರ ಮನೆತನದಲ್ಲೇ ಇರಲಿಲ್ಲ. ಅವನು ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ.

"ಹೇಳ್ರೀ ಕದಿರಪ್ಪ, ಟೈಮಾಗುತ್ತೆ," ಎಂದರು ಸಾಹೇಬರು.

"ನಮ್ ಸೊಣ್ಣಪ್ಪನ ಅಕ್ಕ ಸಾ."

"ಹೆಸರು?"

"ಅದೇ ಸಾ, ನಮ್ ಮನೇಲಿರೋರು."

ಟೀ ಕುಡಿಯಲು ಆ ಕಡೆ ಹೋಗುತ್ತಿದ್ದ ಕುಪ್ಪುಸ್ವಾಮಿಯನ್ನು ಕರೆಸಬೇಕಾಯಿತು. ಹಲ್ಲುನೋವು ಪೂರ್ತಿ ವಾಸಿಯಾಗಿದ್ದ ಅವನು ಬಾಗಿಲಲ್ಲೇ ನಿಂತು, "ಅಕ್ಕಯ್ಯಮ್ಮ, ಸಾರ್!" ಎಂದು ಇಡೀ ಆಫೀಸಿಗೆ ಕೇಳುವಂತೆ ಕೂಗಿದ. ಕದಿರಪ್ಪ ಅವನ ಜೊತೆ ಮೂರು ದಿನ ಮಾತು ಬಿಟ್ಟ.

ಮೂರನೆಯವನು ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದ. ಅವನ ಸಾಫ್ಟ್‌ವೇರು ಮೂಲದಲ್ಲಿ ವಿಮಾನದ ಪೈಲಟ್ಟರಿಗೆ ಮಾಡಿದ್ದಂತೆ. ಪೈಲಟ್ಟರೂ ಹಾರಿದ ಹೊತ್ತನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆಯಬೇಕಂತೆ. ಆ ಪುಸ್ತಕದ ಬದಲು ಇದು. ಪರದೆಯ ಮೇಲೆ ವಿಮಾನ ಹೊರಟ ಊರು, ಇಳಿದ ಊರು, ಮೋಡ ಇತ್ತೇ, ಗಾಳಿ ಯಾವ ಕಡೆ ಅಂತೆಲ್ಲ ತುಂಬಿಸಬೇಕಾದ ಮನೆಗಳಿದ್ದವು.

"ಸ್ವಾಮಿ, ನಮ್ದು ಏರೋ ಕೆಲಸ ಅಲ್ಲ. ಇಳ್ಯೋ ಕೆಲಸ," ಎಂದ ಕದಿರಪ್ಪ.

"ಅದಕ್ಕೇನು ಸರ್, ಪ್ಲಸ್ ಇರೋ ಕಡೆ ಮೈನಸ್ ಹಾಕಿದರೆ ಆಯಿತು."

"ಮೋಡ?"

"ಅದನ್ನ ಖಾಲಿ ಬಿಡಿ ಸರ್."

ಪೈಲಟ್ ಎಂಬ ಮಾತು ಕೇಳಿದ್ದೇ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ವಿಮಾನಕ್ಕೆ ಆದದ್ದು ಕೇಜಿಗೆ ಆಗದೇ? "ಕದಿರಪ್ಪನೋರೇ, ಇನ್ನು ಮೇಲೆ ನೀವೂ ಪೈಲಟ್ಟು!" ಎಂದು ಬೆನ್ನು ತಟ್ಟಿದರು. ಆ ಮಾತು ಸಂಜೆಯೊಳಗೆ ಲೈನುಗಳಿಗೆ ಮುಟ್ಟಿತು. ಮರುದಿನ ರೈಲಿನಲ್ಲಿ ಕೂತವರೆಲ್ಲ ಎದ್ದು, ಪೈಲಟ್ ಸಾಹೇಬ್ರಿಗೆ ಜಾಗ ಬಿಡ್ರಪ್ಪ ಎಂದರು. ಅದರಲ್ಲಿ ಸೊಣ್ಣಪ್ಪನ ಗಂಟಲೇ ದೊಡ್ಡದು.

ನಿಜ ಹೇಳಬೇಕೆಂದರೆ, ಮೂರರಲ್ಲಿ ಅದೇ ವಾಸಿ ಎಂದು ಕದಿರಪ್ಪನಿಗೂ ಅನ್ನಿಸಿತು. ಟೈಪು ಮಾಡುವುದಿರಲಿಲ್ಲ. ಟ್ರಿಪ್ಪು ಮುಗಿದ ಮೇಲೆ ಎಡಗೈ ಹತ್ತಿರದ ಒಂದು ಗುಂಡಿ ಒತ್ತಿದರೆ ಸಾಕು, ಹೊತ್ತನ್ನು ಅದೇ ಬರೆದುಕೊಳ್ಳುತ್ತಿತ್ತು. ಒತ್ತಲು ಮರೆತರೆ ಸ್ವಲ್ಪ ಹೊತ್ತಿಗೆ ಕುಂಯ್ ಎಂದು ನೆನಪು ಮಾಡುತ್ತಿತ್ತು. ಪರದೆಯ ಕಡೆ ತಿರುಗುವ ಅಗತ್ಯವೇ ಇಲ್ಲ, ಕಣ್ಣು ಡಯಲಿನ ಮೇಲೇ ಇರಬಹುದು. ಅಷ್ಟು ದಿನಗಳ ತಲೆಚಿಟ್ಟಿನಲ್ಲಿ ಮೊದಲ ಸಲ ಒಬ್ಬ ಮನುಷ್ಯ ಡ್ರೈವರಿಗೆ ಕಣ್ಣುಗಳಿವೆ ಎಂದು ಲೆಕ್ಕಕ್ಕೆ ಹಿಡಿದಿದ್ದ. ಕದಿರಪ್ಪನಿಗೆ ಇದ್ದ ತಕರಾರು ಒಂದೇ.

"ಈ ಕುಂಯ್ಯಿ ಇಂಜಿನ್ ಸದ್ದಲ್ಲಿ ಕೇಳಾಕಿಲ್ಲ. ಜೋರಾಗಿರ್ಬೇಕು."

"ಒಂದು ಎಲೆಕ್ಟ್ರಿಕ್ ಬೆಲ್ ಹಾಕಿಕೊಡ್ತೀನಿ ಸರ್. ಒಂದೇ ಸಲ ಹೊಡೆಯುತ್ತೆ, ಆದರೆ ಚೆನ್ನಾಗಿ ಕೇಳುತ್ತೆ."

"ಆಗ್ಲಿ, ಆಕ್ಕೊಡಿ," ಎಂದ ಕದಿರಪ್ಪ. ಗಡಿಯಾರ ನೋಡಿದ. ಓಡಿದರೆ ರೈಲು ಸಿಗುವಂತಿತ್ತು. "ಇದೇ ಇರ್ಲಿ ಸಾ. ನಂದು ಒಪ್ಪಿಗೆ." ಓಡಿದ. ರೈಲು ಸಿಕ್ಕಿತು. ಆ ಸಂಜೆ ಕೆಂಪು ಹಸು ಹೊತ್ತಿಗೆ ಸರಿಯಾಗಿ ಹಾಲು ಕೊಟ್ಟಿತು, ಅಕ್ಕಯ್ಯಮ್ಮ ಕ್ಯಾನು ಕುಕ್ಕಲಿಲ್ಲ, ಅವನು ಮುದ್ದೆ ಉಂಡು ಕಾಲು ಚಾಚಿ ಮಲಗಿದ.

ಗಂಟೆ ಕೇಳಿಯೇ ಬದುಕುವವನೊಬ್ಬ ಇಂಜಿನ್ ರೂಮಿಗೆ ಇನ್ನೊಂದು ಗಂಟೆ ತರಿಸಿಕೊಂಡನಲ್ಲ ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆಗ ಹೊಳೆಯಲಿಲ್ಲ. ಕಮಿಟಿಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಆಫೀಸಿನ ಮೇಜಿನ ಮೇಲೆ ಅದು ಬರೀ ಒಂದು ಕುಂಯ್ ಆಗಿತ್ತು.

ಯಂತ್ರ ಬಂತು, ಪೂಜೆ ಆಯಿತು, ನಿಂಬೆಹಣ್ಣು ಇಟ್ಟರು. ಮೊದಲ ದಿನಗಳಲ್ಲಿ ಕದಿರಪ್ಪ ಒಂದು ಟ್ರಿಪ್ಪಿಗೂ ಗುಂಡಿ ಒತ್ತುವುದನ್ನು ಮರೆಯಲಿಲ್ಲ, ಹಾಗಾಗಿ ಆ ಗಂಟೆ ಬಾಯಿ ಬಿಡಲೇ ಇಲ್ಲ. ಹೀಗಿರುವಾಗ ಒಂದು ಸೋಮವಾರ ಬೆಳಗಿನ ಪಾಳಿಗೆ ಜನ ಜಾಸ್ತಿ. ಒಂದು ತಂಡವನ್ನು ಇಳಿಸಿ ಕೇಜು ಮೇಲೆತ್ತಿದ ಕೂಡಲೇ ಇನ್ನೊಂದು ತಂಡಕ್ಕೆ ಗಂಟೆ. ಮೂರು, ಆಮೇಲೆ ಎರಡು. ಹಿಂದಿನ ಟ್ರಿಪ್ಪಿಗೆ ಗುಂಡಿ ಒತ್ತುವ ಮೊದಲೇ ಕದಿರಪ್ಪ ಲೀವರು ತಳ್ಳಿದ. ಡ್ರಮ್ಮು ತಿರುಗಿತು, ಹಗ್ಗ ವೇಗವಾಗಿ ಇಳಿಯತೊಡಗಿತು, ಡಯಲಿನ ಮುಳ್ಳು ಅರ್ಧ ದಾರಿ ದಾಟಿತು. ಆಗ ಟಣ್ ಎಂದು ಒಂದೇ ಗಂಟೆ.

ಅವನು ಯೋಚಿಸಲಿಲ್ಲ. ಯೋಚಿಸುವ ಕೆಲಸವೇ ಅಲ್ಲ ಅದು. ಕೈ ತಾನೇ ಹೋಗಿ ಬ್ರೇಕು ಎಳೆಯಿತು. ಡ್ರಮ್ಮು ಕಿರುಚಿ ನಿಂತಿತು. ಕೆಳಗೆ, ಕತ್ತಲಲ್ಲಿ, ತುಂಬಿದ ಕೇಜು ಹಗ್ಗದ ತುದಿಗೆ ಎದ್ದು ಬಿದ್ದು ಕುಣಿಯಿತು. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಉರುಳಿದರು. ಮೇಲೆ ಎತ್ತಿದಾಗ ಹೆಚ್ಚಿನವರಿಗೆ ತರಚು ಗಾಯ. ಮೂಲೆಗೆ ಬಿದ್ದ ಸೊಣ್ಣಪ್ಪನ ಭುಜದ ಮೂಳೆ ಮುರಿದಿತ್ತು, ಹಣೆ ಒಡೆದು ಅಂಗಿಯೆಲ್ಲ ರಕ್ತವಾಗಿತ್ತು. ಸ್ಟ್ರೆಚರಿನಲ್ಲಿ ಹೋಗುತ್ತಾ ಅವನು ಕೇಳಿದ್ದು ಒಂದೇ: "ಬಾವಂಗೇನಾಯ್ತು? ಬಾವ ಅಂಗೆ ನಿಲ್ಸೋನಲ್ಲ."

ಗಂಟೆ ಹೊಡೆದವರು ಯಾರು? ಬಾವಿಯ ಬಾಯಲ್ಲಿದ್ದ ಗಂಟೆಯವನು ತಾನು ಹೊಡೆದಿಲ್ಲ ಎಂದ. ಕೆಳಗಿನ ಮಟ್ಟಗಳವರೂ ಹೊಡೆದಿಲ್ಲ ಎಂದರು. ಕದಿರಪ್ಪ ಮಾತ್ರ, ಒಂದು ಹೊಡೀತು ಸಾ, ನನ್ ಕಿವೀಲೇ ಕೇಳ್ದೆ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಅವನ ಬೆನ್ನ ಹಿಂದೆ ಗುಸುಗುಸು ಶುರುವಾಯಿತು. ವಯಸ್ಸಾಯಿತೇನೋ. ಕಿವಿ ಕೆಟ್ಟಿತೇನೋ. ಕುಡಿದಿದ್ದನೇನೋ. ಹೆಂಡ ಮುಟ್ಟದ ಮನುಷ್ಯನಿಗೆ ಆ ಮಾತು ಕೇಳಿ ಮೈ ಉರಿದುಹೋಯಿತು. ಲೈನುಗಳಲ್ಲಿ ಇಬ್ಬರು ಹೆಂಗಸರು ಇನ್ನು ಮೇಲೆ ಕದಿರಪ್ಪ ಇದ್ದರೆ ತಮ್ಮ ಗಂಡಂದಿರನ್ನು ಕಳಿಸುವುದಿಲ್ಲ ಎಂದರಂತೆ. ಅದನ್ನು ಕೇಳಿ ಅವನಿಗೆ ಸಿಟ್ಟೂ ಬರಲಿಲ್ಲ, ಮನೆಗೆ ಬಂದು ಹಸುಗಳ ಕಡೆಯೂ ನೋಡದೆ ಕೂತುಬಿಟ್ಟ.

ಅಕ್ಕಯ್ಯಮ್ಮ ಆಸ್ಪತ್ರೆಯಿಂದ ಬಂದು ಎದುರಿಗೆ ಕೂತಳು.

"ಯಾಕಂಗ್ ಕುಂತಿದ್ದೀರಾ? ಅವ್ನು ಚೆನ್ನಾಗವ್ನೆ."

"ನಂಗೆ ಕೇಳಿಸ್ತು ಕಣೆ."

"ಕೇಳಿಸ್ತು ಅಂದ್ಮೇಲೆ ಕೇಳಿಸ್ತು. ನಾನ್ ನಂಬ್ತೀನಿ. ಉಣ್ಣೇಳಿ."

ವಿಚಾರಣೆಗೆ ಸಾಹೇಬರೂ ಮೇಲಿನವರೂ ಇಂಜಿನ್ ರೂಮಿಗೇ ಬಂದರು. ಇಂಜಿನ್ನು ನಿಂತಿತ್ತು, ಕೇಜಿಗೆ ಬೀಗ ಹಾಕಿತ್ತು. ಕದಿರಪ್ಪನನ್ನು ಅವನ ಸೀಟಿನ ಮೇಲೆ ಕೂರಿಸಿ, ಏನೇನಾಯಿತು ಒಂದೊಂದಾಗಿ ಹೇಳು ಎಂದರು. ಅವನು ಹೇಳುತ್ತಾ ಹೋದ. ಟೈ ಕಟ್ಟಿದವನು ಸೋಮವಾರದಿಂದ ಆರಿಸಿಟ್ಟಿದ್ದ ಯಂತ್ರವನ್ನು ಹಚ್ಚಿ ಅದರ ಲೆಕ್ಕವನ್ನು ಪರದೆಯ ಮೇಲೆ ತರುತ್ತಿದ್ದ. ಆ ಸೋಮವಾರದ, ಗುಂಡಿ ಒತ್ತದ ಟ್ರಿಪ್ಪು ಅದರಲ್ಲಿ ಹಾಗೇ ಬಾಕಿ ಉಳಿದಿತ್ತು. ಯಂತ್ರಕ್ಕೇನು ಗೊತ್ತು? ಅದು ನೆನಪು ಮಾಡಿತು.

ಟಣ್.

ಮಾತಿನ ನಡುವೆಯೇ ಕದಿರಪ್ಪನ ಬಲಗೈ ಹಾರಿ ಬ್ರೇಕು ಎಳೆಯಿತು. ನಿಂತಿದ್ದ ಇಂಜಿನ್ನಿಗೆ, ಬೀಗ ಹಾಕಿದ ಕೇಜಿಗೆ. ಅಲ್ಲಿದ್ದವರೆಲ್ಲ ಆ ಕೈಯನ್ನು ನೋಡಿದರು. ಅವನೂ ತನ್ನ ಕೈಯನ್ನೇ ನೋಡಿಕೊಂಡ.

ಸಾಹೇಬರು ಮುಖ ಒರೆಸಿಕೊಂಡರು. ಒಳ್ಳೆಯ ಮನುಷ್ಯ, ತಪ್ಪು ಕಮಿಟಿಯದು ಎಂದು ಅಲ್ಲೇ ಒಪ್ಪಿಕೊಂಡರು. ಟೈ ಕಟ್ಟಿದವನು, ವಿಮಾನದಲ್ಲಿ ಈ ಸಮಸ್ಯೆ ಬಂದೇ ಇರಲಿಲ್ಲ ಎಂದು ಗೊಣಗಿದ. ಕುಪ್ಪುಸ್ವಾಮಿ ಸ್ಪ್ಯಾನರು ತಂದು ಆ ಎಲೆಕ್ಟ್ರಿಕ್ ಗಂಟೆಯನ್ನು ಬುಡಸಮೇತ ಕಿತ್ತು, ಹೊರಗೆ ಕಲ್ಲಿನ ರಾಶಿಯ ಮೇಲೆ ಎಸೆದು ಬಂದ. ಕಿವಿ ಡಾಕ್ಟರು ಕದಿರಪ್ಪನನ್ನು ಪರೀಕ್ಷೆ ಮಾಡಿ, ಇಪ್ಪತ್ತು ವರ್ಷದವನ ಕಿವಿ ಎಂದರು. ನಲ್ಲಿಯ ಹತ್ತಿರದ ಹೆಂಗಸರು, ಪಾಪ, ಸುಮ್ಮನೆ ಅಂದುಬಿಟ್ಟೆವು ಎಂದರು. ಸೊಣ್ಣಪ್ಪ ಕೈಗೆ ಜೋಳಿಗೆ ಕಟ್ಟಿಕೊಂಡು ಮನೆಗೆ ಬಂದು, "ಬಾವ, ನೀನ್ ಇಂಜಿನ್ ಮ್ಯಾಲೆ ಕುಂತ್ಕೊ. ನಾನ್ ಕೆಲಸಕ್ ಬರೋ ದಿನ ನೀನೇ ಇಳಿಸ್ಬೇಕು" ಎಂದು ಅವನ ಪಾಲಿನ ಮುದ್ದೆಯನ್ನೂ ಉಂಡು ಹೋದ. ಮತ್ತೇನು ಬೇಕು ಒಬ್ಬ ಮನುಷ್ಯನಿಗೆ?

ಕದಿರಪ್ಪ ಮತ್ತೆ ಸೀಟಿಗೆ ಬಂದ ಬೆಳಗ್ಗೆ ಕೇಜಿಗೆ ಹತ್ತುವವರು ಒಬ್ಬರೂ ಹಿಂದೆ ಸರಿಯಲಿಲ್ಲ. ಗಂಟೆ ಮೂರು, ಆಮೇಲೆ ಎರಡು. ಅವನು ಇಳಿಸಿದ. ಮುಳ್ಳು ಅರ್ಧ ದಾರಿ ದಾಟಿತು. ಕೆಳಗಿನ ಮಟ್ಟದಲ್ಲಿ ಯಾರೋ ಹಲಗೆಯೊಂದನ್ನು ಬಾವಿಯ ಅಂಚಿಗೆ ಚಾಚಿ ಇಟ್ಟಿದ್ದರು. ಅದನ್ನು ಕಂಡವನು ಗಂಟೆ ಹೊಡೆದ. ಒಂದು.

ಕದಿರಪ್ಪ ನಿಲ್ಲಿಸಿದ. ಚೆನ್ನಾಗಿಯೇ ನಿಲ್ಲಿಸಿದ. ಹಲಗೆಗೆ ಇನ್ನೂ ಬೇಕಾದಷ್ಟು ದೂರವಿರುವಾಗಲೇ ಕೇಜು ಅಲುಗಾಡದೆ ನಿಂತಿತು. ಹಲಗೆ ಎಳೆದರು, ಮತ್ತೆ ಇಳಿಸಿದ, ಎಲ್ಲರನ್ನೂ ತಳ ಸೇರಿಸಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹೇಬರು, "ನೋಡಿದ್ರಾ, ಅದೇ ಹಳೇ ಕೈ!" ಎಂದು ಖುಷಿಯಿಂದ ಹೊರಟುಹೋದರು.

ಕದಿರಪ್ಪ ಕುಪ್ಪುಸ್ವಾಮಿಯನ್ನು ಕೂಗಿದ. ಅವನು ಟೀ ಲೋಟ ಹಿಡಿದುಕೊಂಡೇ ಬಂದ.

"ಏನ್ ಅಣ್ಣೇ?"

"ಕುಂತ್ಕೊ."

"ನನ್ ಪಾಳಿ ಮಧ್ಯಾಹ್ನಕ್ಕೆ ಅಲ್ವಾ?"

"ಕುಂತ್ಕೊ ಕಣಪ್ಪ. ಇನ್ಮ್ಯಾಲೆ ಆಳುಗಳ್ನ ನಾನ್ ಇಳಿಸಾಕಿಲ್ಲ. ಕಲ್ ಎತ್ತೋ ಇಂಜಿನ್‌ಗೆ ಆಕ್ಲಿ ನನ್ನ, ಸಾಹೇಬ್ರಿಗೆ ನಾನೇ ಹೇಳ್ತೀನಿ."

"ಏನಾಯ್ತು? ಸರಿಯಾಗೇ ನಿಲ್ಸಿದ್ಯಲ್ಲ! ಅಯ್ಯೋ ಕಡವುಳೇ, ಯಾರಿಗೂ ಗೊತ್ತೇ ಆಗ್ಲಿಲ್ಲ!"

"ನಿಂಗ್ ಗೊತ್ತಾಗ್ಲಿಲ್ಲ. ಸಾಹೇಬ್ರಿಗ್ ಗೊತ್ತಾಗ್ಲಿಲ್ಲ," ಎಂದ ಕದಿರಪ್ಪ. ಅವನ ದನಿಯಲ್ಲಿ ರೇಗು ಇತ್ತು. "ಗಂಟೆ ಹೊಡೀತು. ಇದು ನಮ್ ಗಂಟೇನಾ, ಆ ಡಬ್ಬದ್ದಾ ಅಂತ ನನ್ನೇ ನಾನ್ ಕೇಳ್ಕೊಂಡೆ. ಕೇಳ್ಕೊಂಡು ಆಮ್ಯಾಕೆ ನಿಲ್ಸ್ದೆ."

ಕುಪ್ಪುಸ್ವಾಮಿಯೂ ಡ್ರೈವರೇ. ಟೀ ಲೋಟವನ್ನು ನೆಲದ ಮೇಲಿಟ್ಟು, ಬ್ರೇಕಿನ ಮೇಲೆ ಕೈ ಇಟ್ಟ. ಆ ಕೈ ಗಟ್ಟಿಯಾಗಿ ಕೂತ ಮೇಲೆ ಕದಿರಪ್ಪ ತನ್ನ ಕೈ ತೆಗೆದ.